ಇವಿ: ಪೊಕೆಮಾನ್ ಮೈಗೂಡಿಸಿಕೊಳ್ಳುವ 510 ಅಂಕಗಳು

ಪೊಕೆಮಾನ್ ಆಟಗಳನ್ನು ಸ್ವಲ್ಪ ಕಾಲ ಆಡಿದವರ ಕಣ್ಣಿಗೆ ಒಂದು ಸಂಗತಿ ಬಿದ್ದೇ ಬೀಳುತ್ತದೆ. ಚಿಕ್ಕದಾಗಿದ್ದಾಗಿನಿಂದ ಜೊತೆಗಿಟ್ಟುಕೊಂಡು, ನೂರಾರು ಕಾಳಗ ಆಡಿಸಿ ಲೆವೆಲ್ 50ಕ್ಕೆ ತಂದ ಪೊಕೆಮಾನ್ ಒಂದು. ಅದೇ ಜಾತಿಯ, ಅದೇ ಲೆವೆಲ್ಲಿನ, ಈಗಷ್ಟೇ ಹುಲ್ಲಿನಲ್ಲಿ ಹಿಡಿದದ್ದು ಇನ್ನೊಂದು. ಹುಟ್ಟುಗುಣ, ಸ್ವಭಾವ ಎಲ್ಲ ಒಂದೇ ಆಗಿದ್ದರೂ ಸಾಕಿದ್ದರ ಅಂಕಿಗಳು ಹಿಡಿದದ್ದರ ಅಂಕಿಗಳಿಗಿಂತ ಮೇಲಿರುತ್ತವೆ. ಆ ವ್ಯತ್ಯಾಸಕ್ಕೆ ಕಾರಣವಾದ ಲೆಕ್ಕವೇ ಎಫರ್ಟ್ ವ್ಯಾಲ್ಯೂ, ಆಡುವವರ ಬಾಯಲ್ಲಿ ಇವಿ.

ಒಂದು ಪೊಕೆಮಾನ್‌ಗೆ ಆರು ಸ್ಟ್ಯಾಟ್‌ಗಳಿವೆ, ಅಂದರೆ ಅದರ ಬಲವನ್ನು ಅಳೆಯುವ ಅಂಕಿಗಳು: ಎಚ್‌ಪಿ, ಅಟ್ಯಾಕ್, ಡಿಫೆನ್ಸ್, ಸ್ಪೆಷಲ್ ಅಟ್ಯಾಕ್, ಸ್ಪೆಷಲ್ ಡಿಫೆನ್ಸ್, ಸ್ಪೀಡ್. ಇವುಗಳನ್ನು ಲೆವೆಲ್ ಜೊತೆಗೆ ನಾಲ್ಕು ವಿಷಯಗಳು ತೀರ್ಮಾನಿಸುತ್ತವೆ. ಬೇಸ್ ಸ್ಟ್ಯಾಟ್ ಇಡೀ ಜಾತಿಗೆ ಸೇರಿದ್ದು. ಎಲ್ಲ ಗಾರ್ಚಾಂಪ್‌ಗಳ ಬೇಸ್ ಸ್ಪೀಡ್ 102, ಎಲ್ಲ ಚಾರಿಝಾರ್ಡ್‌ಗಳದ್ದು 100. ಐವಿ ಎಂಬುದು ಆ ಒಂದು ಪೊಕೆಮಾನ್ ಹುಟ್ಟುವಾಗ ತಂದದ್ದು, ಪ್ರತಿ ಸ್ಟ್ಯಾಟ್‌ಗೂ 0ಯಿಂದ 31ರವರೆಗೆ. ನೇಚರ್ ಎಂದರೆ ಸ್ವಭಾವ. ಒಟ್ಟು 25 ನೇಚರ್‌ಗಳಿದ್ದು, ಬಹುತೇಕ ನೇಚರ್‌ಗಳು ಒಂದು ಸ್ಟ್ಯಾಟನ್ನು ಶೇಕಡಾ 10 ಏರಿಸಿ ಇನ್ನೊಂದನ್ನು ಶೇಕಡಾ 10 ಇಳಿಸುತ್ತವೆ. ಈ ಮೂರೂ ಸಿಕ್ಕಾಗಲೇ ನಿಶ್ಚಯವಾಗಿರುತ್ತವೆ. ನಾಲ್ಕನೆಯದಾದ ಇವಿ ಮಾತ್ರ ಸೊನ್ನೆಯಿಂದ ಶುರುವಾಗಿ, ನಾವು ಆಡಿಸಿದ ಹಾಗೆ ತುಂಬುತ್ತಾ ಹೋಗುತ್ತದೆ.

ತುಂಬುವ ಬಗೆ ಹೀಗೆ. ಎದುರಾಳಿಯನ್ನು ಸೋಲಿಸಿದಾಗ ಅನುಭವದ ಅಂಕಗಳು ಬರುವುದು ಪರದೆಯ ಮೇಲೆ ಕಾಣುತ್ತದೆ. ಅದರ ಹಿಂದೆಯೇ, ಸದ್ದಿಲ್ಲದೆ, ಸೋತ ಪೊಕೆಮಾನ್‌ನ ಜಾತಿಗೆ ತಕ್ಕ ಇವಿಯೂ ಖಾತೆಗೆ ಸೇರುತ್ತದೆ. ಬಾವಲಿಯಂಥ ಝೂಬ್ಯಾಟನ್ನು ಸೋಲಿಸಿದರೆ 1 ಸ್ಪೀಡ್. ಅದು ಬೆಳೆದು ಗೋಲ್‌ಬ್ಯಾಟ್ ಆಗಿದ್ದರೆ 2, ಕ್ರೋಬ್ಯಾಟ್ ಆಗಿದ್ದರೆ 3. ಕಲ್ಲುಗುಂಡಿನಂಥ ಜಿಯೋಡ್ಯೂಡ್ 1 ಡಿಫೆನ್ಸ್ ಕೊಡುತ್ತದೆ, ಮಚಾಪ್ 1 ಅಟ್ಯಾಕ್, ಗ್ಯಾಸ್ಟ್ಲಿ 1 ಸ್ಪೆಷಲ್ ಅಟ್ಯಾಕ್. ಇಲ್ಲಿ ಎದುರಾಳಿಯ ಲೆವೆಲ್ ಲೆಕ್ಕಕ್ಕೇ ಬರುವುದಿಲ್ಲ. ಲೆವೆಲ್ 3ರ ಝೂಬ್ಯಾಟ್ ಕೊಡುವುದೂ 1, ಲೆವೆಲ್ 40ರದ್ದು ಕೊಡುವುದೂ 1. ಕಾಳಗದಲ್ಲಿ ಎರಡು ಪೊಕೆಮಾನ್ ಪಾಲ್ಗೊಂಡಿದ್ದರೆ ಹಳೆಯ ಆಟಗಳಲ್ಲಿ ಅನುಭವ ಹಂಚಿಹೋಗುತ್ತಿದ್ದ ಹಾಗೆ ಇದು ಹಂಚಿಹೋಗುವುದೂ ಇಲ್ಲ, ಇಬ್ಬರಿಗೂ ಪೂರ್ತಿ ಸಿಗುತ್ತದೆ. ಹೀಗಾಗಿ ಎಷ್ಟು ಬಲಿಷ್ಠರನ್ನು ಗೆದ್ದೆವು ಎನ್ನುವುದಕ್ಕಿಂತ ಯಾರನ್ನು ಗೆದ್ದೆವು ಎನ್ನುವುದು ಮುಖ್ಯವಾಗುತ್ತದೆ. ಬಾವಲಿಗಳ ಗವಿಯಲ್ಲಿ ಬೆಳೆದದ್ದು ಚುರುಕಾಗುತ್ತದೆ, ಕಲ್ಲುಗುಡ್ಡದಲ್ಲಿ ಬೆಳೆದದ್ದು ಗಟ್ಟಿಯಾಗುತ್ತದೆ. ಎದುರಿಸಿದವರ ಗುಣ ಎದುರಿಸಿದವನ ಮೈಗೆ ಹತ್ತುವ ಈ ಕಲ್ಪನೆ ಇಡೀ ಸರಣಿಯಲ್ಲೇ ನನಗೆ ತುಂಬ ಇಷ್ಟವಾದದ್ದು.

ಇನ್ನು ಲೆಕ್ಕಕ್ಕೆ ಬರೋಣ. ಎಚ್‌ಪಿ ಬಿಟ್ಟು ಉಳಿದ ಐದಕ್ಕೂ ಸೂತ್ರ ಒಂದೇ. ಬೇಸ್ ಸ್ಟ್ಯಾಟ್‌ನ ಎರಡರಷ್ಟಕ್ಕೆ ಐವಿಯನ್ನೂ, ಇವಿಯ ಕಾಲು ಭಾಗವನ್ನೂ ಕೂಡಿಸಬೇಕು. ಬಂದದ್ದನ್ನು ಲೆವೆಲ್‌ನಿಂದ ಗುಣಿಸಿ 100ರಿಂದ ಭಾಗಿಸಿ 5 ಸೇರಿಸಬೇಕು. ಕೊನೆಯಲ್ಲಿ ನೇಚರ್‌ನ ಏರಿಳಿತ. ಪ್ರತಿ ಹಂತದಲ್ಲೂ ದಶಾಂಶವನ್ನು ಕೈಬಿಡಬೇಕು. ಇವಿಯನ್ನು ನಾಲ್ಕರಿಂದ ಭಾಗಿಸುವುದರಿಂದ, ಲೆವೆಲ್ 100ರಲ್ಲಿ ಪ್ರತಿ 4 ಇವಿಗೆ ಸ್ಟ್ಯಾಟ್ 1 ಏರುತ್ತದೆ. ಮೊದಲು ಒಂದು ಸ್ಟ್ಯಾಟ್‌ಗೆ ಗರಿಷ್ಠ 255 ಇವಿ ತುಂಬಬಹುದಿತ್ತು. ಆದರೆ 252ಕ್ಕೂ 255ಕ್ಕೂ ಸಿಗುವ ಫಲ ಒಂದೇ, 63. ಆ ಕೊನೆಯ ಮೂರು ಅಂಕ ದಂಡ. 2013ರ ಎಕ್ಸ್ ಮತ್ತು ವೈ ಆಟಗಳಿಂದ ಮಿತಿಯನ್ನೇ 252ಕ್ಕೆ ಇಳಿಸಿದರು.

ನಿಜವಾದ ಮಿತಿ ಬೇರೆ ಇದೆ, ಅದೇ 510. ಆರೂ ಸ್ಟ್ಯಾಟ್‌ಗಳಿಗೆ ಸೇರಿ ಒಂದು ಪೊಕೆಮಾನ್ ಗಳಿಸಬಹುದಾದ ಒಟ್ಟು ಇವಿ ಅಷ್ಟೇ. ಎರಡು ಸ್ಟ್ಯಾಟ್‌ಗಳಿಗೆ 252ರಂತೆ ತುಂಬಿದರೆ 504 ಮುಗಿಯಿತು. ಉಳಿದ ಆರರಲ್ಲಿ ನಾಲ್ಕು ಮೂರನೆಯದಕ್ಕೆ ಹೋಗಿ ಒಂದು ಅಂಕ ತರುತ್ತದೆ, ಎರಡು ಯಾವ ಕೆಲಸಕ್ಕೂ ಬಾರದೆ ಉಳಿಯುತ್ತದೆ. ಆಟಗಾರರು ಮಾತುಮಾತಿಗೆ ಹೇಳುವ “252-252-4” ಹುಟ್ಟಿದ್ದು ಈ ಲೆಕ್ಕದಿಂದ.

ಈ ಮಿತಿ ಮೊದಲಿನಿಂದ ಇರಲಿಲ್ಲ. 1996ರಲ್ಲಿ ಜಪಾನಿನಲ್ಲಿ ಬಂದ ರೆಡ್ ಮತ್ತು ಗ್ರೀನ್ ಆಟಗಳಲ್ಲಿ, ಅವುಗಳ ನಂತರದ ಗೋಲ್ಡ್ ಮತ್ತು ಸಿಲ್ವರ್‌ಗಳಲ್ಲಿ ಇದ್ದದ್ದು ಸ್ಟ್ಯಾಟ್ ಎಕ್ಸ್‌ಪೀರಿಯೆನ್ಸ್ ಎಂಬ ಬೇರೆ ಪದ್ಧತಿ. ಅಲ್ಲಿ ಸೋತ ಎದುರಾಳಿಯ ಬೇಸ್ ಸ್ಟ್ಯಾಟ್‌ಗಳೆಲ್ಲವೂ ಗೆದ್ದವನ ಖಾತೆಗೆ ಸೇರುತ್ತಿದ್ದವು. ಒಂದೊಂದು ಸ್ಟ್ಯಾಟ್‌ಗೆ 65,535ರ ಗಡಿ ಇತ್ತು, ಒಟ್ಟು ಮೊತ್ತಕ್ಕೆ ಗಡಿ ಇರಲಿಲ್ಲ. ಆ ದೊಡ್ಡ ಸಂಖ್ಯೆಯ ವರ್ಗಮೂಲ ತೆಗೆದು ನಾಲ್ಕರಿಂದ ಭಾಗಿಸಿದರೆ ಲೆವೆಲ್ 100ರಲ್ಲಿ ಸಿಗುತ್ತಿದ್ದ ಗರಿಷ್ಠ ಲಾಭ ಆಗಲೂ 63. ಸಾಕಷ್ಟು ಹೊತ್ತು ಆಡಿದರೆ ಎಲ್ಲ ಸ್ಟ್ಯಾಟ್‌ಗಳಿಗೂ ಆ 63 ದಕ್ಕುತ್ತಿತ್ತು. ಅಂದರೆ ಬಹಳ ಆಡಿದವರ ಪಿಕಾಚುಗಳೆಲ್ಲ ಕೊನೆಗೆ ಒಂದೇ ಅಚ್ಚಿನವಾಗುತ್ತಿದ್ದವು, ವ್ಯತ್ಯಾಸ ಉಳಿಯುತ್ತಿದ್ದದ್ದು ಹುಟ್ಟಿನಲ್ಲಿ ಬಂದದ್ದರಲ್ಲಿ ಮಾತ್ರ.

2002ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ರೂಬಿ ಮತ್ತು ಸಫೈರ್ ಆ ಪದ್ಧತಿಯನ್ನು ಕಿತ್ತುಹಾಕಿ 510ರ ಬೇಲಿ ಹಾಕಿದವು. ಒಂದು ಸ್ಟ್ಯಾಟ್‌ಗೆ ಸಿಗುವ ಲಾಭ ಅಷ್ಟೇ ಉಳಿಯಿತು, ಆದರೆ ಪೂರ್ತಿ ಲಾಭ ಎರಡಕ್ಕೆ ಮಾತ್ರ ಸಿಗುವಂತಾಯಿತು. ಈ ಬದಲಾವಣೆಯೇ ಇವಿಯ ಜೀವಾಳ ಎಂದು ನಾನು ಖಂಡಿತವಾಗಿ ನಂಬುತ್ತೇನೆ. ಮೊದಲು ಇದ್ದ ಪ್ರಶ್ನೆ “ಎಷ್ಟು ಆಡಿದ್ದೀಯ?” ಎಂಬುದು. ಆಮೇಲೆ ಬಂದದ್ದು “ಇದನ್ನು ಯಾತಕ್ಕೆ ಬೆಳೆಸುತ್ತಿದ್ದೀಯ?” ಎಂಬುದು. ಮೊದಲನೆಯದಕ್ಕೆ ಸಮಯ ಇದ್ದರೆ ಸಾಕು. ಎರಡನೆಯದಕ್ಕೆ ಯೋಚನೆ ಬೇಕು, ಏನನ್ನಾದರೂ ಬಿಟ್ಟುಕೊಡುವ ಧೈರ್ಯವೂ ಬೇಕು.

ಬಿಟ್ಟುಕೊಡುವುದು ಎಷ್ಟು ಸೂಕ್ಷ್ಮವಾಗಬಲ್ಲದು ಎನ್ನುವುದಕ್ಕೆ ಗಾರ್ಚಾಂಪ್ ಒಳ್ಳೆಯ ಉದಾಹರಣೆ. ಅಧಿಕೃತ ಪಂದ್ಯಗಳು ಲೆವೆಲ್ 50ರಲ್ಲಿ ನಡೆಯುವುದರಿಂದ ಆ ಲೆವೆಲ್ಲನ್ನೇ ಹಿಡಿಯೋಣ, ಐವಿ 31 ಎಂದುಕೊಳ್ಳೋಣ. ಸ್ಪೀಡ್ ಇವಿ ಸೊನ್ನೆ ಇರುವ ಗಾರ್ಚಾಂಪ್‌ನ ಸ್ಪೀಡ್ 122. 252 ತುಂಬಿದರೆ 154. ಅದರ ಮೇಲೆ ಸ್ಪೀಡ್ ಏರಿಸುವ ಜಾಲಿ ನೇಚರ್ ಇದ್ದರೆ 169. ಎದುರಿಗೆ ಸ್ಪೀಡ್ ಪೂರ್ತಿ ತುಂಬಿದ, ನೇಚರ್ ಕೂಡ ಅದಕ್ಕೇ ಮೀಸಲಿಟ್ಟ ಚಾರಿಝಾರ್ಡ್ ಬಂದರೆ ಅದರದ್ದು 167. ಬೇಸ್ ಸ್ಪೀಡ್‌ನ ಎರಡೇ ಅಂಕದ ಹೆಚ್ಚಳದಿಂದ ಗಾರ್ಚಾಂಪ್ ಮೊದಲು ಹೊಡೆಯುತ್ತದೆ. ತರಬೇತಿಯನ್ನೇ ಕೊಡದಿದ್ದರೆ ಜಾಲಿ ಗಾರ್ಚಾಂಪ್‌ನದ್ದು ಬರೀ 134, ಜಾತಿಯಿಂದ ಬಂದ ಮೇಲುಗೈ ಮಣ್ಣುಪಾಲು.

ಇಲ್ಲೇ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಚಾರಿಝಾರ್ಡನ್ನು ದಾಟಲು 168 ಸಾಕಲ್ಲ? ಹಿಂದಕ್ಕೆ ಲೆಕ್ಕ ಹಾಕಿದರೆ 244 ಇವಿಗೇ 168 ಬರುತ್ತದೆ. ಉಳಿದ 8 ಇವಿಯನ್ನು ಬೇರೆ ಕಡೆ ಹಾಕಿಕೊಳ್ಳಬಹುದು. ಲೆವೆಲ್ 50ರಲ್ಲಿ ಐವಿ 31 ಇರುವ ಸ್ಟ್ಯಾಟ್‌ನಲ್ಲಿ ಮೊದಲ 4 ಇವಿಗೆ ಒಂದು ಅಂಕ, ಆಮೇಲೆ ಪ್ರತಿ 8ಕ್ಕೆ ಒಂದು. ಹಾಗಾಗಿ ಉಳಿಸಿದ್ದರಿಂದ ಸಿಗುವುದು ಡಿಫೆನ್ಸ್‌ನಲ್ಲೋ ಎಚ್‌ಪಿಯಲ್ಲೋ ಒಂದೇ ಅಂಕ. ಆ ಒಂದು ಅಂಕ ಒಂದು ಹೊಡೆತವನ್ನು ತಡೆದು ಉಳಿಸಿದರೆ ಪಂದ್ಯವೇ ತಿರುಗಬಹುದು. ಆದರೆ ಎದುರಾಳಿಯ ಬಳಿಯೂ ಗಾರ್ಚಾಂಪ್ ಇದ್ದು, ಅವನು 252 ಪೂರ್ತಿ ತುಂಬಿದ್ದರೆ? ಅವನದ್ದು 169, ನಮ್ಮದು 168. ಅವನ ಡ್ರ್ಯಾಗನ್ ದಾಳಿ ಮೊದಲು ಬೀಳುತ್ತದೆ, ನಮ್ಮ ಗಾರ್ಚಾಂಪ್ ಡ್ರ್ಯಾಗನ್ ದಾಳಿಗೆ ಮೊದಲೇ ದುರ್ಬಲ. ಯಾವ ಅಪಾಯಕ್ಕೆ ತಲೆಕೊಡುವುದು, ಯಾವುದನ್ನು ತಪ್ಪಿಸಿಕೊಳ್ಳುವುದು ಎಂಬುದನ್ನು ಪಂದ್ಯ ಶುರುವಾಗುವ ಮುಂಚೆಯೇ, ಮನೆಯಲ್ಲಿ ಕೂತು ತೀರ್ಮಾನಿಸಬೇಕು. ಒಳ್ಳೆಯ ಆಟಗಾರರು 252-252-4ನ್ನು ಬಿಟ್ಟು 244, 180, 76 ಎಂಬಂಥ ವಿಚಿತ್ರ ಸಂಖ್ಯೆಗಳನ್ನು ಹಾಕಿಕೊಂಡು ಬರುವುದು ಇದಕ್ಕಾಗಿಯೇ. ಅಂಥ ಪ್ರತಿ ಸಂಖ್ಯೆಯ ಹಿಂದೆ ಅವರು ಎದುರು ನೋಡುತ್ತಿರುವ ಯಾವುದೋ ಒಂದು ನಿರ್ದಿಷ್ಟ ಹೊಡೆತ ಇರುತ್ತದೆ.

ಇಷ್ಟೆಲ್ಲ ಮುಖ್ಯವಾದದ್ದನ್ನು ಆಟ ಎಷ್ಟೋ ವರ್ಷ ಬಚ್ಚಿಟ್ಟಿತ್ತು. ರೂಬಿ ಮತ್ತು ಸಫೈರ್‌ನಲ್ಲಿ ಇವಿ ಎಷ್ಟಾಗಿದೆ ಎಂದು ನೋಡುವ ದಾರಿಯೇ ಇರಲಿಲ್ಲ. ಸ್ಲೇಟ್‌ಪೋರ್ಟ್ ಊರಿನ ಸಂತೆಯಲ್ಲಿ ಒಬ್ಬ ಹೆಂಗಸು ಇರುತ್ತಾಳೆ. 510 ಪೂರ್ತಿ ತುಂಬಿದ ಪೊಕೆಮಾನ್ ಕರೆದುಕೊಂಡು ಹೋದರೆ ಅದರ ಶ್ರಮವನ್ನು ಮೆಚ್ಚಿ ಎಫರ್ಟ್ ರಿಬ್ಬನ್ ಕೊಡುತ್ತಾಳೆ. ಸುಳಿವು ಅಂದರೆ ಅಷ್ಟೇ. ಆಟದ ಒಳಗಿನ ಡೇಟಾ ಬಗೆದು, ಒಂದೇ ಜಾತಿಯನ್ನು ಮತ್ತೆಮತ್ತೆ ಸೋಲಿಸಿ, ಯಾವ ಪೊಕೆಮಾನ್ ಎಷ್ಟು ಕೊಡುತ್ತದೆ ಎಂಬ ಪಟ್ಟಿಗಳನ್ನು ಅಭಿಮಾನಿಗಳೇ ತಯಾರಿಸಿದರು. ಎಕ್ಸ್ ಮತ್ತು ವೈ ಆಟಗಳಲ್ಲಿ ಸೂಪರ್ ಟ್ರೈನಿಂಗ್ ಎಂಬ ಕಿರುಆಟದ ಪರದೆಯಲ್ಲಿ ಮೊದಲ ಬಾರಿಗೆ ಇವಿಯ ಆಕಾರ ಕಣ್ಣಿಗೆ ಕಂಡಿತು. 2019ರ ಸ್ವೋರ್ಡ್ ಮತ್ತು ಶೀಲ್ಡ್, 2022ರ ಸ್ಕಾರ್ಲೆಟ್ ಮತ್ತು ವಯೋಲೆಟ್ ಹೊತ್ತಿಗೆ ಪೊಕೆಮಾನ್‌ನ ವಿವರಪುಟದಲ್ಲೇ ಒಂದು ಬಟನ್ ಒತ್ತಿದರೆ ಆರು ಮೂಲೆಯ ನಕ್ಷೆ ತೆರೆದುಕೊಳ್ಳುತ್ತದೆ. ಆದರೂ ಸಂಖ್ಯೆಯನ್ನು ಅಲ್ಲಿ ತೋರಿಸುವುದಿಲ್ಲ.

ಗುಟ್ಟಾಗಿದ್ದಾಗಲೇ ಚೆಂದವಿತ್ತು, ತಾನು ಸಾಕಿದ್ದು ಏಕೆ ಬಲವಾಯಿತೆಂದು ಗೊತ್ತಾಗದಿದ್ದರಲ್ಲೇ ಮಾಯೆ ಇತ್ತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಿತಿ ಇರುವ ವಸ್ತುವನ್ನು ಕೊಟ್ಟು, ಅದು ಎಷ್ಟು ಖರ್ಚಾಗಿದೆ ಎಂದು ಹೇಳದಿರುವುದು ಆಡುವವರಿಗೆ ಮಾಡಿದ ಅನ್ಯಾಯ. ಕಥೆ ಮುಗಿಸುವಷ್ಟರಲ್ಲಿ ಸಿಕ್ಕಸಿಕ್ಕವರನ್ನೆಲ್ಲ ಸೋಲಿಸಿದ ಪೊಕೆಮಾನ್‌ನ 510 ಅಂಕ ಆರೂ ಕಡೆ ಚೂರುಚೂರಾಗಿ ಹರಡಿಹೋಗಿರುತ್ತದೆ. ಆಮೇಲೆ ಗವಿಗೆ ಹೋಗಿ ಎಷ್ಟು ಝೂಬ್ಯಾಟ್ ಹೊಡೆದರೂ ಒಂದಂಕವೂ ಸೇರದು, ಯಾಕೆಂದು ಆಟ ಹೇಳದು. ಇದಕ್ಕೆ ಪರಿಹಾರ ಸಿಕ್ಕಿದ್ದು ಎಮರಾಲ್ಡ್ ಆಟದಲ್ಲಿ. ಪೋಮೆಗ್, ಕೆಲ್ಪ್ಸಿ, ಕ್ವಾಲಾಟ್, ಹಾಂಡ್ಯೂ, ಗ್ರೆಪಾ, ಟಮಾಟೊ ಎಂಬ ಆರು ಬೆರಿಗಳು ಆರು ಸ್ಟ್ಯಾಟ್‌ಗಳ ಇವಿಯನ್ನು ಹತ್ತು ಹತ್ತಾಗಿ ಇಳಿಸುತ್ತವೆ. ತಪ್ಪಾಗಿ ತುಂಬಿದ್ದನ್ನು ಖಾಲಿ ಮಾಡಿ ಹೊಸದಾಗಿ ತುಂಬಬಹುದು.

ತುಂಬುವ ಉಪಾಯಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮ್ಯಾಚೋ ಬ್ರೇಸ್ ತೊಡಿಸಿದರೆ ಇವಿ ಇಮ್ಮಡಿ, ತೊಟ್ಟಿರುವಷ್ಟು ಹೊತ್ತು ಸ್ಪೀಡ್ ಅರ್ಧ. ಪವರ್ ಆಂಕ್ಲೆಟ್‌ನಂಥ ಪವರ್ ಸಾಮಾನುಗಳು ಪ್ರತಿ ಗೆಲುವಿಗೆ ಒಂದು ನಿಗದಿತ ಸ್ಟ್ಯಾಟ್‌ಗೆ ಮೊದಲು 4 ಸೇರಿಸುತ್ತಿದ್ದವು, 2016ರ ಸನ್ ಮತ್ತು ಮೂನ್‌ನಿಂದ 8 ಸೇರಿಸುತ್ತವೆ. ಆಂಕ್ಲೆಟ್ ತೊಟ್ಟು 1 ಸ್ಪೀಡ್ ಕೊಡುವ ಎದುರಾಳಿಗಳನ್ನೇ ಸೋಲಿಸುತ್ತಾ ಹೋದರೆ ಒಂದೊಂದಕ್ಕೆ 9, ಸರಿಯಾಗಿ 28 ಗೆಲುವಿಗೆ 252. ಹಿಂದಿನ ಆಟಗಳಲ್ಲಿ ಪೊಕೆರಸ್ ಎಂಬ ಸೋಂಕು ತಗುಲಿದರೆ ಇದೂ ಇಮ್ಮಡಿಯಾಗುತ್ತಿತ್ತು. ಅದು ತಗಲುವ ಸಾಧ್ಯತೆ 65,536ರಲ್ಲಿ 3 ಮಾತ್ರ, ಹಾಗಾಗಿ ಸಿಕ್ಕವರು ಅದನ್ನು ಗೆಳೆಯರಿಗೆಲ್ಲ ಹಂಚುತ್ತಿದ್ದರು. ಕಾಳಗವೇ ಬೇಡ ಎನ್ನುವವರಿಗೆ ಪ್ರೋಟೀನ್, ಐರನ್, ಕಾರ್ಬೋಸ್ ಮುಂತಾದ ವಿಟಮಿನ್‌ಗಳಿವೆ, ಒಂದಕ್ಕೆ 10 ಇವಿ. ಮೊದಲು ವಿಟಮಿನ್‌ನಿಂದ 100ರವರೆಗೆ ಮಾತ್ರ ಏರಿಸಲು ಬಿಡುತ್ತಿದ್ದರು, ಸ್ವೋರ್ಡ್ ಮತ್ತು ಶೀಲ್ಡ್‌ನಲ್ಲಿ ಆ ತಡೆ ತೆಗೆದರು. ಈಗ 26 ವಿಟಮಿನ್ ಕೊಂಡರೆ ಒಂದು ಸ್ಟ್ಯಾಟ್ ಪೂರ್ತಿ.

ರೇರ್ ಕ್ಯಾಂಡಿ ತಿನ್ನಿಸಿ ಬೆಳೆಸಿದ ಪೊಕೆಮಾನ್ ಸೊರಗಿರುತ್ತದೆ ಎಂಬ ಮಾತು ಇಂದಿಗೂ ಓಡಾಡುತ್ತಿದೆ. ಕ್ಯಾಂಡಿಯಿಂದ ಕೆಡುಕೇನೂ ಆಗುವುದಿಲ್ಲ. ಅದು ಲೆವೆಲ್ ಏರಿಸುತ್ತದೆ, ಇವಿ ಕೊಡುವುದಿಲ್ಲ, ಅಷ್ಟೇ. ನಿಜ ಹೇಳಬೇಕೆಂದರೆ ಅಂಥ ಪೊಕೆಮಾನ್‌ನ 510 ಇನ್ನೂ ಮುಟ್ಟದೆ ಉಳಿದಿರುತ್ತದೆ, ಬೇಕಾದ ಕಡೆ ತುಂಬಲು ಅದೇ ಅನುಕೂಲ.

ಒಂದು ಪೊಕೆಮಾನ್ ಯಾತಕ್ಕೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರಗಳಲ್ಲಿ ಎಲ್ಲರ ನೆನಪಿನಲ್ಲಿ ಉಳಿದದ್ದು 2014ರ ವಿಶ್ವ ಚಾಂಪಿಯನ್‌ಶಿಪ್‌ನದ್ದು. ವಾಷಿಂಗ್ಟನ್ ಡಿಸಿಯಲ್ಲಿ ನಡೆದ ಆ ಪಂದ್ಯಾವಳಿಯನ್ನು ದಕ್ಷಿಣ ಕೊರಿಯಾದ ಸೆ ಜುನ್ ಪಾರ್ಕ್ ಗೆದ್ದರು, ತಂಡದಲ್ಲಿ ಪಾಚಿರಿಸು ಎಂಬ ಪುಟ್ಟ ಅಳಿಲು ಇತ್ತು. ಅದರ ಬೇಸ್ ಅಟ್ಯಾಕ್ 45, ಸ್ಪೆಷಲ್ ಅಟ್ಯಾಕ್ 45. ಹೊಡೆಯುವುದಕ್ಕೆ ಯಾರೂ ಅದನ್ನು ಆರಿಸಿಕೊಳ್ಳುವುದಿಲ್ಲ. ಪಾರ್ಕ್ ಅದನ್ನು ಹೊಡೆತ ತಿನ್ನುವುದಕ್ಕೆಂದೇ ಬೆಳೆಸಿದ್ದರು. ಎಚ್‌ಪಿಗೆ ಪೂರ್ತಿ ಇವಿ ಹಾಕಿದರೆ ಲೆವೆಲ್ 50ರಲ್ಲಿ ಪಾಚಿರಿಸುವಿನ ಎಚ್‌ಪಿ 135ರಿಂದ 167ಕ್ಕೆ ಏರುತ್ತದೆ. ಫಾಲೋ ಮಿ ಎಂಬ ನಡೆಯಿಂದ ಎದುರಾಳಿಯ ದಾಳಿಯನ್ನೆಲ್ಲ ತನ್ನ ಕಡೆ ಎಳೆದುಕೊಂಡು, ಪಕ್ಕದಲ್ಲಿದ್ದ ಗ್ಯಾರಡೋಸ್‌ನಂಥ ಜೊತೆಗಾರರಿಗೆ ಅದು ಬಿಡುವು ಕೊಡುತ್ತಿತ್ತು. ಆರರಲ್ಲಿ ಯಾವುದನ್ನು ಬಿಡಬೇಕೆಂದು ಅಷ್ಟು ಸ್ಪಷ್ಟವಾಗಿ ತಿಳಿದಿದ್ದವರು ಕಡಿಮೆ.

ಇದೇ ಕಲ್ಪನೆ ಬೇರೆ ಆಟಗಳಿಗೂ ಹೋಗಿದೆ. ಸ್ಪೇನಿನಲ್ಲಿ ತಯಾರಾದ ಟೆಮ್‌ಟೆಮ್ ಆಟ ಇದನ್ನೇ ಟಿವಿ (ಟ್ರೈನಿಂಗ್ ವ್ಯಾಲ್ಯೂ) ಎಂಬ ಹೆಸರಿನಲ್ಲಿ, ಒಂದು ಸ್ಟ್ಯಾಟ್‌ಗೆ 500, ಒಟ್ಟು 1,000 ಎಂಬ ಮಿತಿಯೊಂದಿಗೆ ಇಟ್ಟುಕೊಂಡಿದೆ, ಸಂಖ್ಯೆಗಳನ್ನೂ ರಾಜಾರೋಷವಾಗಿ ತೋರಿಸುತ್ತದೆ. ಪೊಕೆಮಾನ್ ಸರಣಿಯಲ್ಲೇ 2022ರ ಲೆಜೆಂಡ್ಸ್ ಆರ್ಸಿಯಸ್ ಇವಿಯನ್ನು ಬಿಟ್ಟು, ಪ್ರತಿ ಸ್ಟ್ಯಾಟ್‌ಗೂ 0ಯಿಂದ 10ರವರೆಗಿನ ಎಫರ್ಟ್ ಲೆವೆಲ್ ತಂದಿತು. ಅಲ್ಲಿ ಒಟ್ಟು ಮೊತ್ತಕ್ಕೆ ಗಡಿಯಿಲ್ಲ, ಎಲ್ಲವನ್ನೂ ಹತ್ತಕ್ಕೆ ಏರಿಸಬಹುದು. ನನಗೆ ಅದು 1996ಕ್ಕೆ ಹಿಂತಿರುಗಿದ ಹಾಗೆ ಕಂಡಿತು. ನಮ್ಮಲ್ಲಿ ಅನೇಕರು ಮೊದಲು ಪೊಕೆಮಾನ್ ಆಡಿದ್ದು 2016ರ ಪೊಕೆಮಾನ್ ಗೋ ಮೂಲಕ, ಫೋನ್ ಹಿಡಿದು ಬೀದಿ ಸುತ್ತುತ್ತಾ. ಅದರಲ್ಲಿ ಇವಿ ಇಲ್ಲ. ಅಲ್ಲಿ ಆಟಗಾರರು ಹೇಳುವ “ನೂರಕ್ಕೆ ನೂರು” ಬರೀ ಐವಿಯದ್ದು, ಅದೂ 0ಯಿಂದ 15ರವರೆಗಿನದ್ದು. ಇವಿಯನ್ನು ಕೈಯಾರೆ ಹಾಕಿ ನೋಡಬೇಕೆಂದರೆ ಕನ್ಸೋಲ್ ಕೊಳ್ಳಬೇಕಾಗಿಲ್ಲ. ಬ್ರೌಸರ್‌ನಲ್ಲಿ ಉಚಿತವಾಗಿ ಸಿಗುವ ಪೊಕೆಮಾನ್ ಶೋಡೌನ್ ತೆರೆದು, ಟೀಮ್ ಕಟ್ಟುವ ಪುಟದಲ್ಲಿ ಒಂದು ಗಾರ್ಚಾಂಪ್ ಹಾಕಿ, ಸ್ಪೀಡ್‌ನ ಪಟ್ಟಿಯನ್ನು 252ರಿಂದ 244ಕ್ಕೆ ಎಳೆದರೆ ಪಕ್ಕದ ಸಂಖ್ಯೆಗಳು ಬದಲಾಗುವುದು ಅಲ್ಲೇ ಕಾಣುತ್ತದೆ.