ಪರಿಯನ್ನು ಅಣ್ಣನಿಂದ ಕಿತ್ತದ್ದು ಯುದ್ಧವಲ್ಲ

ಅಪ್ಪ ಸಬೂರ್ ಕೆಂಪು ಎಳೆಗಾಡಿ ಎಳೆಯುತ್ತಾ ಮರಳುಗಾಡು ದಾಟುತ್ತಿದ್ದಾನೆ. ಗಾಡಿಯಲ್ಲಿ ಪುಟ್ಟ ಪರಿ. ಹಿಂದೆ ಹತ್ತು ವರ್ಷದ ಅಣ್ಣ ಅಬ್ದುಲ್ಲಾ. ಬರಬೇಡ ಅಂತ ಅಪ್ಪ ಹೊಡೆದರೂ ಅವನು ಬಿಟ್ಟಿಲ್ಲ. ಕಾಬೂಲಿನಲ್ಲಿ ಅಪ್ಪನಿಗೆ ಕೂಲಿ ಕೆಲಸ ಸಿಕ್ಕಿದೆ ಅಂತಲೇ ಅವನು ನಂಬಿದ್ದಾನೆ. ವಾಪಸ್ ಬರುವಾಗ ಗಾಡಿಯಲ್ಲಿ ತಂಗಿ ಇರುವುದಿಲ್ಲ.

ಅಫ್ಘಾನ್ ಮೂಲದ ಲೇಖಕ ಖಾಲಿದ್ ಹೊಸೇನಿ 2013ರಲ್ಲಿ ಪ್ರಕಟಿಸಿದ 'ಆ್ಯಂಡ್ ದ ಮೌಂಟನ್ಸ್ ಎಕೋಡ್' ಕಾದಂಬರಿಯ ಈ ದೃಶ್ಯ ನಡೆಯುವುದು 1952ರಲ್ಲಿ. ಈ ವರ್ಷವನ್ನು ಸ್ವಲ್ಪ ಗಮನಿಸಿ. ಅಫ್ಘಾನಿಸ್ತಾನ ಅಂದರೆ ಯುದ್ಧ ಅಂತಲೇ ನಾವೆಲ್ಲ ಓದಲು ಕೂರುತ್ತೇವೆ, ಅಲ್ವಾ? ಆದರೆ ಆಗ ಅಲ್ಲಿ ಯುದ್ಧವೇ ಇರಲಿಲ್ಲ. 1933ರಿಂದ 1973ರವರೆಗೆ, ನಲವತ್ತು ವರ್ಷ ರಾಜ ಜಹೀರ್ ಶಾ ಆಳಿದ ಕಾಲ ಅದು. ಇವತ್ತಿಗೂ ಅಲ್ಲಿನ ಹಿರಿಯರು ನೆಮ್ಮದಿಯ ದಿನಗಳು ಅಂತ ನೆನೆಯುವ ಕಾಲ.

ಆ ನೆಮ್ಮದಿ ಕಾಬೂಲ್ ಬಿಟ್ಟು ಜಾಸ್ತಿ ದೂರ ಹೋಗಲಿಲ್ಲ. ನಗರದಲ್ಲಿ ಕಾರು, ಪಾರ್ಟಿ, ವಿದೇಶಿ ಪುಸ್ತಕ. ಹಳ್ಳಿಯಲ್ಲಿ ಚಳಿಗೆ ಉರಿಸಲು ಸೌದೆಗೂ ಗತಿಯಿಲ್ಲ. ಸಬೂರನ ಎಳೆಯ ಮಗು ಒಮರ್ ಹಿಂದಿನ ಚಳಿಗಾಲದಲ್ಲೇ ಚಳಿ ತಡೆಯದೆ ಸತ್ತಿತ್ತು. ಮುಂದಿನ ಚಳಿಗೆ ಇನ್ಯಾವ ಮಗು ಅನ್ನುವ ಹೆದರಿಕೆಯಲ್ಲೇ ಅವನು ಪರಿಯನ್ನು ಮಕ್ಕಳಿಲ್ಲದ ಶ್ರೀಮಂತ ದಂಪತಿಗೆ ಕೊಟ್ಟುಬಿಡುತ್ತಾನೆ. ನನಗೆ ಸಬೂರನ ಮೇಲೆ ಸಿಟ್ಟು ಬರುವುದಿಲ್ಲ. ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಅಷ್ಟೇ.

ಇಲ್ಲಿ ಇನ್ನೊಂದು ವಿಷಯವಿದೆ. ಇಸ್ಲಾಮಿಕ್ ಕಾನೂನಿನಲ್ಲಿ ಬೇರೆಯವರ ಮಗುವನ್ನು ಸಾಕಬಹುದು, ಅದು ಪುಣ್ಯದ ಕೆಲಸವೂ ಹೌದು. ಆದರೆ ಮಗುವಿನ ಹುಟ್ಟಿನ ಗುರುತನ್ನು ಅಳಿಸುವ ಹಾಗಿಲ್ಲ. ಪರಿಯ ವಿಷಯದಲ್ಲಿ ಆ ಗುರುತೇ ಅಳಿಸಿಹೋಯಿತು. ಸಾಕುತಾಯಿ ನೀಲಾ 1955ರಲ್ಲಿ ಅವಳನ್ನು ಪ್ಯಾರಿಸ್ಸಿಗೆ ಕರೆದುಕೊಂಡು ಹೋಗುತ್ತಾಳೆ. ತನಗೊಬ್ಬ ಅಣ್ಣ ಇದ್ದ ಅನ್ನುವುದೂ ಗೊತ್ತಿಲ್ಲದೆ ಹುಡುಗಿ ಬೆಳೆಯುತ್ತಾಳೆ. ಏನೋ ಒಂದು ಕಳೆದುಹೋಗಿದೆ ಅಂತ ಮಾತ್ರ ಅವಳಿಗೆ ಆಗಾಗ ಅನಿಸುತ್ತದೆ.

ಯುದ್ಧ ಬಂದದ್ದು ಆಮೇಲೆ. 1973ರಲ್ಲಿ ಮಾಜಿ ಪ್ರಧಾನಿ ದಾವೂದ್ ಖಾನ್ ರಾಜನನ್ನು ಇಳಿಸಿದರು. 1978ರ ಏಪ್ರಿಲ್‌ನಲ್ಲಿ ಕಮ್ಯುನಿಸ್ಟರು ದಾವೂದ್‌ರನ್ನು ಕೊಂದು ಅಧಿಕಾರ ಹಿಡಿದರು. 1979ರ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ನುಗ್ಗಿತು. 1990ರ ಹೊತ್ತಿಗೆ ಸುಮಾರು 60 ಲಕ್ಷ ಜನ ದೇಶ ಬಿಟ್ಟಿದ್ದರು, ಹೆಚ್ಚಿನವರು ಪಾಕಿಸ್ತಾನ ಮತ್ತು ಇರಾನಿಗೆ. ಒಂದೇ ಮನೆಯವರು ಮೂರು ದೇಶಗಳಲ್ಲಿ. ಕಾದಂಬರಿಯಲ್ಲೂ ಹಾಗೇ: ಅಬ್ದುಲ್ಲಾ ಕ್ಯಾಲಿಫೋರ್ನಿಯಾದಲ್ಲಿ ಕಬಾಬ್ ಹೋಟೆಲ್ ನಡೆಸುತ್ತಾನೆ. ತಮ್ಮ ಇಕ್ಬಾಲ್ ಪಾಕಿಸ್ತಾನದ ಶಿಬಿರದಿಂದ ಊರಿಗೆ ಮರಳಿದರೆ, ಮನೆಯಿದ್ದ ಜಾಗದಲ್ಲಿ ಯುದ್ಧದಿಂದ ದೊಡ್ಡವನಾದ ಕಮಾಂಡರನ ಬಂಗಲೆ ನಿಂತಿರುತ್ತದೆ. ಬಡತನ ಬೇರೆ ಮಾಡಿದವರು ಮತ್ತೆ ಸೇರಲು ಒಂದು ದಾರಿ ಇತ್ತು. ಯುದ್ಧ ಅದನ್ನೂ ಮುಚ್ಚಿತು.

ಇದೆಲ್ಲ ಹಳೆಯ ಕಥೆ ಅಂತ ಸುಮ್ನೆ ಅಂದುಕೊಳ್ಳುವ ಹಾಗಿಲ್ಲ. 2021ರ ಆಗಸ್ಟಿನಲ್ಲಿ ತಾಲಿಬಾನ್ ಕಾಬೂಲ್ ಹಿಡಿದಾಗ ವಿಮಾನ ನಿಲ್ದಾಣದ ನೂಕುನುಗ್ಗಲಿನಲ್ಲಿ ಎಷ್ಟೋ ಕುಟುಂಬಗಳು ಚದುರಿದವು. ಹೆತ್ತವರಿಲ್ಲದೆ ಅಮೆರಿಕ ತಲುಪಿದ ಮಕ್ಕಳೇ ಸಾವಿರಕ್ಕೂ ಹೆಚ್ಚು. ದೊಡ್ಡ ಯುದ್ಧ ಅಲ್ಲಿಗೆ ನಿಂತಿತು. ಜೊತೆಗೆ ವಿದೇಶಿ ನೆರವೂ ಬಹುಪಾಲು ನಿಂತಿತು, ಬರವೂ ಇತ್ತು. ಅದೇ ಚಳಿಗಾಲ ಹೆರಾತ್, ಬದ್ಘಿಸ್ ಕಡೆಯಿಂದ ಸುದ್ದಿ ಬರತೊಡಗಿತು: ಸಾಲ ತೀರಿಸಲು, ಉಳಿದ ಮಕ್ಕಳಿಗೆ ರೊಟ್ಟಿ ತರಲು, ಪುಟ್ಟ ಹೆಣ್ಣುಮಕ್ಕಳನ್ನು ಮದುವೆಯ ಹೆಸರಲ್ಲಿ ಹಣಕ್ಕೆ ಕೊಡುತ್ತಿದ್ದಾರೆ ಅಂತ. ಸಬೂರನ ಲೆಕ್ಕವೇ, ಎಪ್ಪತ್ತು ವರ್ಷದ ನಂತರ.

ಪರಿಗೆ ಗರಿಗಳೆಂದರೆ ಪ್ರಾಣ. ಒಂದು ನವಿಲುಗರಿಗಾಗಿ ಅಬ್ದುಲ್ಲಾ ತನ್ನ ಶೂಗಳನ್ನೇ ಕೊಟ್ಟು, ಬರಿಗಾಲಲ್ಲಿ ಮನೆಗೆ ನಡೆದು ಬಂದಿದ್ದ. ಮನೆ ಸೇರುವಷ್ಟರಲ್ಲಿ ಅವನ ಪಾದಗಳಲ್ಲಿ ರಕ್ತ. ಆರು ದಶಕ ಕಳೆದು ಅಣ್ಣ ತಂಗಿ ಎದುರಾದಾಗ ಅವನಿಗೆ ಮರೆವಿನ ಕಾಯಿಲೆ, ಎದುರು ಕೂತವಳು ಯಾರೆಂದು ತಿಳಿಯುವುದಿಲ್ಲ. ಆದರೆ ನೆನಪು ಪೂರ್ತಿ ಹೋಗುವ ಮೊದಲೇ ಅವನು ತಂಗಿಯ ಹೆಸರಲ್ಲಿ ಒಂದು ಪೊಟ್ಟಣ ಕಟ್ಟಿಟ್ಟಿರುತ್ತಾನೆ. ಅವಳು ಬಿಚ್ಚುತ್ತಾಳೆ. ಒಳಗೆ ಚಹಾದ ಹಳೆಯ ತಗಡಿನ ಡಬ್ಬಿ, ಅದರ ತುಂಬ ಗರಿಗಳು. ಅವು ಏಕೆ ಅಂತ ಅವಳಿಗೆ ನೆನಪಿಲ್ಲ.