ಭಾನುವಾರವೂ ಡ್ಯೂಟಿ ಇರುವಾಗ ಆತ್ಮಿಕ ಬೆಳವಣಿಗೆ ಹೇಗೆ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತೇನೆ. ತಿಂಗಳಿಗೆ ಎರಡು ಭಾನುವಾರವಾದರೂ ಡ್ಯೂಟಿ ಇರುತ್ತದೆ. ಮನೆಗೆ ಬಂದು ಸತ್ಯವೇದ ತೆರೆದರೆ ಎರಡು ವಚನ ಓದುವಷ್ಟರಲ್ಲಿ ಕಣ್ಣು ಎಳೆಯುತ್ತದೆ. ಕೆಲಸ ಬಿಡುವ ಹಾಗಿಲ್ಲ, ಆದರೆ ಒಳಗೆ ಒಣಗುತ್ತಿದ್ದೇನೆ ಎಂಬ ಅಳುಕು ಹೋಗುವುದಿಲ್ಲ. ಎರಡನ್ನೂ ಸರಿದೂಗಿಸುವುದು ಹೇಗೆ?

ಉತ್ತರ: ಈ ಪ್ರಶ್ನೆಯನ್ನು ಆಸ್ಪತ್ರೆಯ ನರ್ಸ್‌ಗಳು, ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಕ್ಕಳು, ಪೊಲೀಸರು, ಬಸ್ ಚಾಲಕರು ಎಲ್ಲರೂ ಒಂದಲ್ಲ ಒಂದು ರೂಪದಲ್ಲಿ ಕೇಳುತ್ತಾರೆ. ಅವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಬೆಳಗಿನ ಜಾವ ನಾಲ್ಕಕ್ಕೆ ಏಳಿ, ಯೇಸುಸ್ವಾಮಿಯೂ ಹಾಗೆಯೇ ಎದ್ದು ಪ್ರಾರ್ಥಿಸಿದರು. ರಾತ್ರಿ ಪಾಳಿ ಮುಗಿಸಿ ನಾಲ್ಕಕ್ಕೆ ಮನೆ ಸೇರುವವರಿಗೆ ಈ ಸಲಹೆ ಕೊಡುವವರು ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದ 35ನೇ ವಚನವನ್ನು ಓದಿರುತ್ತಾರೆ, ಅದರ ಹಿಂದುಮುಂದನ್ನು ಓದಿರುವುದಿಲ್ಲ ಎಂದು ನನಗೆ ಅನಿಸುತ್ತದೆ.

ಹಿಂದಿನ ದಿನ ಕಪೆರ್ನೌಮಿನಲ್ಲಿ ಯೇಸು ಸಭಾಮಂದಿರದಲ್ಲಿ ಬೋಧಿಸಿದ್ದರು, ಸೀಮೋನನ ಅತ್ತೆಯ ಜ್ವರ ಬಿಡಿಸಿದ್ದರು, ಹೊತ್ತು ಮುಳುಗಿದ ಮೇಲೆ ಊರಿಗೆ ಊರೇ ಆ ಮನೆಯ ಬಾಗಿಲಿಗೆ ಬಂದು ನಿಂತಿತ್ತು. ಮರುದಿನ ಇನ್ನೂ ಕತ್ತಲಿರುವಾಗಲೇ ಅವರು ಎದ್ದು ನಿರ್ಜನ ಸ್ಥಳಕ್ಕೆ ಹೋದರು. ಶಿಷ್ಯರು ಹುಡುಕಿಕೊಂಡು ಬಂದು ಎಲ್ಲರೂ ನಿಮ್ಮನ್ನೇ ಕೇಳುತ್ತಿದ್ದಾರೆ ಎಂದಾಗ ಅವರು ಕಪೆರ್ನೌಮಿಗೆ ಮರಳದೆ, ಅಕ್ಕಪಕ್ಕದ ಊರುಗಳಿಗೆ ಹೋಗೋಣ, ನಾನು ಬಂದಿರುವುದೇ ಅದಕ್ಕೆ ಎಂದರು. ಬಾಗಿಲಲ್ಲಿ ಇನ್ನೂ ಜನ ಕಾಯುತ್ತಿದ್ದರು. ಅವರ ಬೇಡಿಕೆ ನ್ಯಾಯವಾದದ್ದೇ ಆಗಿತ್ತು. ಅಂದಿನ ಪ್ರಾರ್ಥನೆ ಆ ಪಟ್ಟಿಯನ್ನು ಬೇಗ ಮುಗಿಸುವ ಶಕ್ತಿಗಾಗಿ ಮಾಡಿದ್ದಾಗಿರಲಿಲ್ಲ; ಯಾವ ಕರೆಗೆ ಓಗೊಡಬೇಕು, ಯಾವುದಕ್ಕೆ ಇಲ್ಲ ಎನ್ನಬೇಕು ಎಂಬ ತೀರ್ಮಾನ ಅಲ್ಲಿ ಗಟ್ಟಿಯಾಯಿತು. ಹಾಗಾಗಿ ಈ ಭಾಗದಿಂದ ಕಲಿಯಬೇಕಾದದ್ದು ಗಡಿಯಾರದ ಸಮಯಕ್ಕಿಂತ ಹೆಚ್ಚಾಗಿ ಆ ನಿರಾಕರಣೆಯನ್ನು. ಬೇಗ ಎದ್ದು, ತಡವಾಗಿ ಮಲಗಿ, ಕಷ್ಟದ ಅನ್ನ ಉಣ್ಣುವುದು ವ್ಯರ್ಥವೆಂದು 127ನೇ ಕೀರ್ತನೆಯೂ ಹೇಳುತ್ತದೆಯಲ್ಲ.

ಸರಿದೂಗಿಸುವುದು ಎಂಬ ಮಾತನ್ನೂ ಸ್ವಲ್ಪ ಪರೀಕ್ಷಿಸಬೇಕು. ತಕ್ಕಡಿಯ ಎರಡು ತಟ್ಟೆಗಳಂತೆ ದಿನವೂ ಕೆಲಸಕ್ಕಿಷ್ಟು, ದೇವರಿಗಿಷ್ಟು ಎಂದು ಅಳೆಯುವ ಪದ್ಧತಿ ಪೌಲನ ಜೀವನದಲ್ಲಿ ಕಾಣುವುದಿಲ್ಲ. ಅಪೊಸ್ತಲರ ಕೃತ್ಯಗಳ 18ನೇ ಅಧ್ಯಾಯದ ಪ್ರಕಾರ ಅವನು ಕೊರಿಂಥದಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲರ ಮನೆಯಲ್ಲಿ ಇಳಿದುಕೊಂಡು, ಅವರದೂ ತನ್ನದೂ ಒಂದೇ ಕಸುಬಾದ್ದರಿಂದ ಅವರೊಂದಿಗೆ ಗುಡಾರ ಮಾಡುವ ಕೆಲಸದಲ್ಲಿ ತೊಡಗಿದನು. ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ತಿನಲ್ಲಿ ಮಾತ್ರ ಸಭಾಮಂದಿರಕ್ಕೆ ಹೋಗಿ ವಾದಿಸುತ್ತಿದ್ದನು. ಮುಂದೆ ಸೀಲ ಮತ್ತು ತಿಮೊಥೆಯರು ಮಕೆದೋನ್ಯದಿಂದ ಬಂದ ಮೇಲೆ ಅವನು ವಾಕ್ಯೋಪದೇಶದಲ್ಲಿಯೇ ಮಗ್ನನಾದನು. ಥೆಸಲೊನೀಕದಲ್ಲಿದ್ದಾಗಲಂತೂ ಯಾರಿಗೂ ಭಾರವಾಗಬಾರದೆಂದು ಹಗಲಿರುಳು ದುಡಿದುದಾಗಿ ಅವನೇ ಬರೆದಿದ್ದಾನೆ. ಕಾಲಕ್ಕೆ ತಕ್ಕಂತೆ ಅಳತೆ ಬದಲಾಯಿತು. ಎಳೆ ಮಗುವಿರುವ ವರ್ಷ, ಪ್ರಾಜೆಕ್ಟ್ ಮುಗಿಸುವ ತಿಂಗಳು, ತಂದೆತಾಯಿ ಆಸ್ಪತ್ರೆಯಲ್ಲಿರುವ ವಾರ, ಇವುಗಳಲ್ಲಿ ಓದು ಕಡಿಮೆಯಾದರೆ ಅದು ಹಿಂಜಾರಿಕೆಯಲ್ಲ. ಆದರೆ ಆ ತಿಂಗಳು ಮುಗಿದ ಮೇಲೂ ಅದೇ ಅಳತೆ ಮುಂದುವರಿದರೆ ಅಳುಕಿಗೆ ಕಾರಣವಿದೆ.

ಕರಾವಳಿಯ ನಮ್ಮ ಹಿರಿಯರಿಗೆ ಈ ಪ್ರಶ್ನೆ ಇಷ್ಟು ತೀವ್ರವಾಗಿ ಎದುರಾಗಿರಲಾರದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ದೀಕ್ಷಾಸ್ನಾನ ಪಡೆದು ಕುಲಕಸುಬನ್ನೂ ನೆಲೆಯನ್ನೂ ಕಳೆದುಕೊಂಡವರ ಜೀವನೋಪಾಯಕ್ಕಾಗಿ ನೇಯ್ಗೆಯನ್ನು ಆರಂಭಿಸಿತು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಕಾರ್ಖಾನೆ ನಡೆಸುವವರೂ ಸಭೆ ನಡೆಸುವವರೂ ಒಂದೇ ಮಿಷನ್‌ನವರಾಗಿದ್ದುದರಿಂದ ಆರಾಧನೆಗೂ ಪಾಳಿಗೂ ಜಗಳ ಬರುವ ಪ್ರಮೇಯವಿರಲಿಲ್ಲ. (ಯಜಮಾನನೂ ಪಾದ್ರಿಯೂ ಒಂದೇ ಕಡೆಯವರಾದರೆ ಬೇರೆ ಬಗೆಯ ಇಕ್ಕಟ್ಟುಗಳಿರುತ್ತವೆ, ಆ ಕಾಲವನ್ನು ಮರಳಿ ಬಯಸಬೇಕೆಂದು ನಾನು ಹೇಳುತ್ತಿಲ್ಲ.) ಇಂದು ನಮ್ಮ ರೋಸ್ಟರ್ ತಯಾರಿಸುವವರಿಗೆ ನಮ್ಮ ಆರಾಧನೆಯ ಹೊತ್ತು ಗೊತ್ತಿರುವುದೇ ಇಲ್ಲ.

ಆದರೆ ಮೊದಲ ಮುನ್ನೂರು ವರ್ಷಗಳ ಕ್ರೈಸ್ತರ ಸ್ಥಿತಿ ನಿಮ್ಮದಕ್ಕಿಂತ ಕಠಿಣವಾಗಿತ್ತು. ರೋಮನ್ ಸಾಮ್ರಾಜ್ಯದಲ್ಲಿ ಭಾನುವಾರವನ್ನು ವಿಶ್ರಾಂತಿಯ ದಿನವೆಂದು ಕಾನ್‌ಸ್ಟಂಟೈನ್ ಚಕ್ರವರ್ತಿ ಘೋಷಿಸಿದ್ದು 321ರಲ್ಲಿ. ಅದಕ್ಕೆ ಮೊದಲು ಅದು ಎಲ್ಲರಿಗೂ ದುಡಿಮೆಯ ದಿನ. ಸುಮಾರು 112ರಲ್ಲಿ ಬಿಥೂನ್ಯದ ರಾಜ್ಯಪಾಲ ಪ್ಲೀನಿ ಚಕ್ರವರ್ತಿಗೆ ಬರೆದ ಪತ್ರದಲ್ಲಿ, ಈ ಜನ ಗೊತ್ತಾದ ಒಂದು ದಿನ ಸೂರ್ಯೋದಯಕ್ಕೆ ಮೊದಲೇ ಸೇರಿ ಕ್ರಿಸ್ತನಿಗೆ ಸ್ತುತಿ ಹಾಡುತ್ತಾರೆ ಎಂದು ವರದಿ ಮಾಡಿದ್ದಾನೆ. ತ್ರೋವದಲ್ಲಿ ವಾರದ ಮೊದಲನೆಯ ದಿನ ಸೇರಿದ ಕೂಟವು ಮಧ್ಯರಾತ್ರಿಯ ತನಕ ನಡೆದು, ಕಿಟಕಿಯಲ್ಲಿ ಕುಳಿತಿದ್ದ ಯೂತಿಖನೆಂಬ ಯೌವನಸ್ಥ ಪೌಲನ ದೀರ್ಘ ಪ್ರಸಂಗದ ನಡುವೆ ನಿದ್ದೆಹೋಗಿ ಮೂರನೆಯ ಅಂತಸ್ತಿನಿಂದ ಬಿದ್ದನು. ಪೌಲನು ಅವನನ್ನು ಗದರಿಸಲಿಲ್ಲ. ಕೆಳಗಿಳಿದು ಹೋಗಿ ತಬ್ಬಿಕೊಂಡನು. ಸತ್ಯವೇದದ ಮೇಲೆ ತೂಕಡಿಸುವ ನಿಮಗೆ ಈ ಘಟನೆ ನೆನಪಿರಲಿ.

ದಿನ ಸಿಗದವರಿಗೆ ಹೊತ್ತು ಸಿಕ್ಕರೂ ಸಾಕು ಎಂಬುದು ಇದರ ಅರ್ಥ. ಕಥೋಲಿಕ ಸಭೆಯಲ್ಲಿ ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಪಾಲ್ಗೊಂಡರೂ ಭಾನುವಾರದ ಕರ್ತವ್ಯ ಪೂರೈಸಿದಂತೆ ಎಂದು 1983ರ ಧರ್ಮಸಭಾ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಇತರ ಸಭೆಗಳವರು ತಮ್ಮ ಸಭಾಪಾಲಕರ ಕೈಗೆ ತಿಂಗಳ ರೋಸ್ಟರನ್ನೇ ಕೊಟ್ಟು, ವಾರದ ನಡುವಿನ ಯಾವ ಕೂಟಕ್ಕೆ ಬರಲು ಸಾಧ್ಯವೆಂದು ಕೇಳಬಹುದು. ಗೈರುಹಾಜರಿಯನ್ನು ಅಲಕ್ಷ್ಯವೆಂದು ತಿಳಿದಿದ್ದ ಪಾಸ್ಟರ್‌ಗೆ ನಿಜವಾದ ಕಾರಣ ತಿಳಿಯುವುದೂ ಎಷ್ಟೋ ಸಲ ಹೀಗೆಯೇ.

ದಿನದ ಪ್ರಾರ್ಥನೆಯ ವಿಷಯದಲ್ಲಿ, ಕೆಲಸದ ನಡುವೆಯೇ ಒಂದೊಂದು ವಾಕ್ಯ ಪ್ರಾರ್ಥಿಸಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಪಾರಸಿಯ ಅರಸನ ಸೇವೆಯಲ್ಲಿದ್ದ ನೆಹೆಮೀಯನು ಅರಸನ ಪ್ರಶ್ನೆಗೂ ತನ್ನ ಉತ್ತರಕ್ಕೂ ನಡುವಿನ ಒಂದು ಕ್ಷಣದಲ್ಲಿ ಪರಲೋಕದ ದೇವರನ್ನು ಪ್ರಾರ್ಥಿಸಿದನು, ನಿಜ. ಆದರೆ ಅದು ಎರಡನೆಯ ಅಧ್ಯಾಯ. ಮೊದಲನೆಯ ಅಧ್ಯಾಯದಲ್ಲಿ ಅವನು ಉಪವಾಸವಿದ್ದು ಹಗಲಿರುಳು ಪ್ರಾರ್ಥಿಸಿದ್ದನು. ಯೆರೂಸಲೇಮಿನ ಗೋಡೆ ಕೆಡವಲ್ಪಟ್ಟಿದೆ ಎಂದು ಕಿಸ್ಲೇವ್ ಮಾಸದಲ್ಲಿ ಕೇಳಿದ ಸುದ್ದಿಯನ್ನು ನೀಸಾನ್ ಮಾಸದ ತನಕ, ಅಂದರೆ ಸುಮಾರು ನಾಲ್ಕು ತಿಂಗಳು, ಎದೆಯಲ್ಲಿಟ್ಟುಕೊಂಡಿದ್ದನು. ಹದಿನೇಳನೆಯ ಶತಮಾನದ ಪ್ಯಾರಿಸ್‌ನಲ್ಲಿ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್ ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸನ್ನಿಧಿಯನ್ನು ಅನುಭವಿಸಿದನೆಂದು ನಾವೆಲ್ಲ ಉದಾಹರಿಸುತ್ತೇವೆ. ಅವನಿಗೆ ಅಡುಗೆ ಕೆಲಸ ಸ್ವಭಾವತಃ ಹಿಡಿಸುತ್ತಿರಲಿಲ್ಲ ಎಂಬುದನ್ನೂ, ಅವನಿದ್ದ ಮಠದಲ್ಲಿ ಪ್ರಾರ್ಥನೆಗೆಂದೇ ಗೊತ್ತುಪಡಿಸಿದ ಹೊತ್ತುಗಳಿದ್ದವು ಎಂಬುದನ್ನೂ ಮರೆಯುತ್ತೇವೆ. ಕ್ಷಣದ ಪ್ರಾರ್ಥನೆಗೆ ಊಟೆ ಎಲ್ಲಾದರೂ ಇರಲೇಬೇಕು. ಕಾಯಕದಲ್ಲಿ ನಿರತನಾದರೆ ಲಿಂಗಪೂಜೆಯನ್ನೂ ಮರೆಯಬೇಕು ಎಂದ ಆಯ್ದಕ್ಕಿ ಮಾರಯ್ಯನ ಮಾತು ಕನ್ನಡಿಗರಾದ ನಮ್ಮ ಕಿವಿಯಲ್ಲಿ ಸದಾ ಇರುತ್ತದೆ, ಆ ಮಾತಿನ ಘನತೆ ದೊಡ್ಡದು. ಆದರೆ ಕ್ರೈಸ್ತ ಪರಂಪರೆ ದುಡಿಮೆಯನ್ನು ಕರ್ತನಿಗಾಗಿಯೇ ಮಾಡಿರಿ ಎನ್ನುತ್ತಲೇ, ದುಡಿಮೆ ನಿಲ್ಲಬೇಕಾದ ಒಂದು ಹೊತ್ತನ್ನೂ ಕಡ್ಡಾಯವಾಗಿ ಇಡುತ್ತದೆ.

ಆ ಹೊತ್ತು ಗಡಿಯಾರಕ್ಕೆ ಅಂಟಿಕೊಂಡಿರಬೇಕಿಲ್ಲ. ಪಾಳಿಯವರು ಅದನ್ನು ಒಂದು ಕೆಲಸಕ್ಕೆ ಕಟ್ಟಿಕೊಳ್ಳುವುದು ಲೇಸು: ಎದ್ದ ಹೊತ್ತು ಯಾವುದೇ ಇರಲಿ, ಫೋನ್ ಮುಟ್ಟುವ ಮೊದಲು ಹತ್ತು ನಿಮಿಷ. ಮಾರ್ಕನ ಸುವಾರ್ತೆಯಲ್ಲಿ 16 ಅಧ್ಯಾಯಗಳಿವೆ; ದಿನಕ್ಕೊಂದರಂತೆ ಓದಿದರೆ ಎರಡು ವಾರ ದಾಟುವಷ್ಟರಲ್ಲಿ ಮುಗಿಯುತ್ತದೆ. ಮಲಗುವ ಮುನ್ನ ಓದಲೇಬೇಕೆಂಬ ಹಟವನ್ನು ನೀವು ಬಿಡಬಹುದು, ಆ ಹೊತ್ತು ದೇಹಕ್ಕೆ ಸೇರಿದ್ದು.

ಕೊನೆಯದಾಗಿ, ಪ್ರಶ್ನೆಯಲ್ಲಿ ಇಲ್ಲದ ಒಂದು ಮಾತನ್ನು ಸೇರಿಸುತ್ತೇನೆ. ಸಬ್ಬತ್ತಿನ ಆಜ್ಞೆ ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲಿ ಬರುವಾಗ ಅದಕ್ಕೆ ಕೊಡುವ ಕಾರಣ, ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ ಎಂಬುದು. ನಿನ್ನ ಹಾಗೆಯೇ ನಿನ್ನ ಆಳೂ ದಾಸಿಯೂ ವಿಶ್ರಮಿಸಿಕೊಳ್ಳಬೇಕು ಎಂದು ಅದು ಬಿಡಿಸಿ ಹೇಳುತ್ತದೆ, ಎತ್ತು ಕತ್ತೆಗಳನ್ನೂ ಬಿಡುವುದಿಲ್ಲ. ನಾಳೆ ನೀವೇ ಟೀಮ್ ಲೀಡ್ ಆಗಿ ರೋಸ್ಟರ್ ಬರೆಯಲು ಕುಳಿತಾಗ, ನಿಮ್ಮ ಭಾನುವಾರವನ್ನು ಬಿಡುವು ಮಾಡಿಕೊಳ್ಳಲು ಯಾರ ಹಬ್ಬದ ದಿನವನ್ನು ಕಿತ್ತುಕೊಂಡಿರಿ ಎಂದು ನೋಡಿಕೊಳ್ಳಬೇಕಾಗುತ್ತದೆ. ಆರಾಧನೆ ಮುಗಿಸಿ ಬಂದು ಮಧ್ಯಾಹ್ನ ಎರಡಕ್ಕೆ ಕೈಕೆಳಗಿನವರಿಗೆ ವಾಟ್ಸಾಪ್‌ನಲ್ಲಿ ಕೆಲಸ ಕಳುಹಿಸುವವರೂ ಈ ಆಜ್ಞೆಯ ವ್ಯಾಪ್ತಿಗೆ ಬರುತ್ತಾರೆ. ಆ ಸಂದೇಶವನ್ನು ಬರೆದಿಟ್ಟು ಸೋಮವಾರ ಬೆಳಿಗ್ಗೆ ಕಳುಹಿಸಬಹುದು.