ಫೇರಿಂಗ್: ದೋಣಿಯ ಬಾಗು ಸರಿ ಮಾಡೋದು ಅಂದ್ರೇನು?

ಸಣ್ಣ ಮರದ ದೋಣಿ ಕಟ್ಟುವ ಬಗ್ಗೆ ಓದಲು ಕೂತರೆ ಫೇರಿಂಗ್ ಎಂಬ ಪದ ಮತ್ತೆ ಮತ್ತೆ ಸಿಗುತ್ತದೆ. ದೋಣಿಯ ಮೂತಿಯಿಂದ ಹಿಂಬದಿಯವರೆಗೆ ಹೋಗುವ ಪ್ರತಿಯೊಂದು ಬಾಗು ನಡುವೆ ಎಲ್ಲೂ ತಗ್ಗಾಗದೆ, ಉಬ್ಬದೆ, ಮುರಿದಂತೆ ಕಾಣದೆ ಒಂದೇ ಓಟದಲ್ಲಿ ಸಾಗಬೇಕು. ಹಾಗೆ ಸಾಗುವಂತೆ ಮಾಡುವ ಕೆಲಸವೇ ಫೇರಿಂಗ್. ಕೊನೆಯಲ್ಲಿ ಪುಟ್ಟಿ ಬಳಿದು ಉಜ್ಜುಕಾಗದದಿಂದ ತಿಕ್ಕುವುದಕ್ಕೂ ಇದೇ ಹೆಸರಿದೆ. ಆದರೆ ಅಸಲಿ ಫೇರಿಂಗ್ ನಡೆಯುವುದು ಹಲಗೆ ಹೊಡೆಯುವುದಕ್ಕೂ ಮುಂಚೆ. ಆಗ ಬಿಟ್ಟದ್ದನ್ನು ಪುಟ್ಟಿ ಮುಚ್ಚೀತು, ಸರಿ ಮಾಡಲಾರದು.

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಬಾಗಿಲು, ಕಿಟಕಿ, ಮಂಚ ಮಾಡುವ ಒಳ್ಳೆಯ ಬಡಿಗರಿಗೆ ಕೊರತೆ ಇಲ್ಲ. ದಾಂಡೇಲಿ, ಹಳಿಯಾಳ ಕಡೆಯ ಸಾಗವಾನಿಯೂ ಹತ್ತಿರದ್ದೇ. ಆದರೆ ಅವರ ಕಣ್ಣು ಗುನ್ಯಾಕ್ಕೆ, ಅಂದರೆ ಮೂಲೆ ಸರಿಯಾಗಿ ಚೌಕ ಇದೆಯೇ ಎಂದು ನೋಡುವ ಮೂಲೆಮಟ್ಟಕ್ಕೆ, ಒಗ್ಗಿದ್ದು. ಮೂಲೆ ಗುನ್ಯಾಕ್ಕೆ ಬಂತೆಂದರೆ ಬಾಗಿಲು ಸರಿ ಬಂದಂತೆ. ದೋಣಿಯಲ್ಲಿ ಗುನ್ಯಾ ಹಿಡಿಯುವಂಥ ಮೂಲೆ ಸಿಗುವುದೇ ಕಡಿಮೆ. ಹಾಗಾಗಿ ಎಷ್ಟೇ ಪಳಗಿದ ಬಡಿಗರಾದರೂ, "ಅಳತಿ ಬರೋಬ್ಬರಿ ಐತ್ರಿ, ಆದ್ರೂ ಹಲಗಿ ಕೂಡವಲ್ದು" ಅನ್ನುವ ಹೊತ್ತು ಬಂದೇ ಬರುತ್ತದೆ. ಅವರ ಮಾತು ಸುಳ್ಳಲ್ಲ. ದೋಣಿಗೆ ಆಕಾರ ಕೊಡುವ ಒಂದೊಂದು ಅಡ್ಡ ಚೌಕಟ್ಟೂ ತನ್ನ ಮಟ್ಟಿಗೆ ಸರಿ ಇರಬಹುದು. ಒಂದಕ್ಕೊಂದು ಹೊಂದಿಲ್ಲ, ಅಷ್ಟೇ.

ಸಾಮಾನ್ಯವಾಗಿ ಸಣ್ಣ ದೋಣಿಯನ್ನು ಬೋರಲು ಹಾಕಿ ಕಟ್ಟುತ್ತಾರೆ. ನೆಟ್ಟಗಿರುವ ಗಟ್ಟಿ ಅಡಿಪಾಯದ ಮೇಲೆ ಅಡ್ಡ ಚೌಕಟ್ಟುಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ನಡುವೆ ಒಂದು ದಾರ ಎಳೆದು ಕಟ್ಟಿ, ಪ್ರತಿ ಚೌಕಟ್ಟಿನ ನಡುಗೆರೆ ಆ ದಾರಕ್ಕೆ ಬಂತೇ ಎಂದು ತೂಗುಗುಂಡು ಬಿಟ್ಟು ನೋಡಬೇಕು. ಇಷ್ಟು ಮಾಡಿದ ಮೇಲೆ ಫೇರಿಂಗ್ ಶುರು.

ಅದಕ್ಕೆ ಬೇಕಾದ ಮುಖ್ಯ ಸಾಮಾನು ಒಂದು ರೀಪು. ಗಂಟಿಲ್ಲದ, ನೇರ ಎಳೆಯ, ದೋಣಿಗಿಂತ ಸ್ವಲ್ಪ ಉದ್ದದ, ಒಂದೇ ದಪ್ಪದ ಪಟ್ಟಿ. ಗಂಟಿದ್ದರೆ ಆ ಜಾಗದಲ್ಲಿ ಅದು ಬಾಗುವುದಿಲ್ಲ, ನಿಮಗೆ ತಪ್ಪು ಗೆರೆ ತೋರಿಸುತ್ತದೆ. ಈ ರೀಪನ್ನು ಎಲ್ಲ ಚೌಕಟ್ಟುಗಳ ಮೇಲೆ ಹಾಯಿಸಿ ಹಗುರಾಗಿ ಕ್ಲಾಂಪ್ ಹಾಕಿ. ಆಮೇಲೆ ಒಂದು ತುದಿಗೆ ಹೋಗಿ, ಕೂತು, ಒಂದು ಕಣ್ಣು ಮುಚ್ಚಿ ಅದರ ಉದ್ದಕ್ಕೂ ನೋಡಿ. ಟೇಪಿಗೆ ಸಿಗದ ಒಂದೆರಡು ಮಿಲಿಮೀಟರ್ ಉಬ್ಬು ಹೀಗೆ ನೋಡಿದಾಗ ಎದ್ದು ಕಾಣುತ್ತದೆ.

ಈಗ ಮೂರನೇ ಚೌಕಟ್ಟಿನ ಹತ್ತಿರ ಸಂದು ಕಂಡಿತು ಅಂತಿಟ್ಟುಕೊಳ್ಳಿ. ಮೂರನೆಯದು ತಗ್ಗಿದೆಯೋ, ಇಲ್ಲಾ ಎರಡನೆಯದೋ ನಾಲ್ಕನೆಯದೋ ಎತ್ತರ ಇದೆಯೋ? ಹೆಚ್ಚಿನವರು ಎಡವುವುದು ಇಲ್ಲೇ. ಸಂದು ಕಂಡಲ್ಲೇ ತಪ್ಪು ಇದೆ ಅಂದುಕೊಂಡು ಕ್ಲಾಂಪ್ ಬಿಗಿ ಮಾಡುತ್ತಾರೆ, ಸಂದು ಮುಚ್ಚುತ್ತದೆ, ಬಾಗು ಕೆಡುತ್ತದೆ. ಅದರ ಬದಲು ಎರಡು, ಮೂರು, ನಾಲ್ಕು ಹೀಗೆ ಒಂದೊಂದರ ಕ್ಲಾಂಪನ್ನೇ ಸರದಿಯಂತೆ ಬಿಚ್ಚಿ ನೋಡಿ. ಯಾವುದನ್ನು ಬಿಟ್ಟಾಗ ರೀಪು ತಾನಾಗಿ ಚೆಂದದ ಬಾಗಿಗೆ ಬರುತ್ತದೋ ಅದೇ ಕಳ್ಳ ಚೌಕಟ್ಟು. ಎತ್ತರ ಇದ್ದರೆ ರಂದಾ ಹೊಡೆಯಿರಿ, ತಗ್ಗಿದ್ದರೆ ತೆಳು ಚಕ್ಕೆ ಅಂಟಿಸಿ. ಹಲಗೆಯನ್ನು ಬಲವಂತಕ್ಕೆ ಎಳೆದು ಕೂರಿಸುವುದು ಮಾತ್ರ ಬೇಡ.

ಚೌಕಟ್ಟಿನ ಅಂಚನ್ನು ಓರೆ ಮಾಡುವುದೂ ಇದರಲ್ಲೇ ಸೇರಿದೆ. ದೋಣಿಯ ನಡುವೆ ಅಂಚು ಹೆಚ್ಚುಕಡಿಮೆ ಚೌಕವಾಗಿಯೇ ಇರುತ್ತದೆ, ಮೂತಿಯ ಕಡೆ ಹೋದಂತೆ ಓರೆ ಜಾಸ್ತಿ. ಓರೆ ಸಾಲದಿದ್ದರೆ ಹಲಗೆ ಒಂದು ಮೂಲೆಗಷ್ಟೇ ತಾಗಿ ನಿಲ್ಲುತ್ತದೆ, ಅಂಟು ಹಿಡಿಯುವುದಿಲ್ಲ. ರೀಪನ್ನು ಒಮ್ಮೆಗೆ ಮೂರು ಚೌಕಟ್ಟಿನ ಮೇಲಿಟ್ಟು, ಸ್ವಲ್ಪ ಸ್ವಲ್ಪವೇ ರಂದಾ ಹೊಡೆಯುತ್ತ ಹೋಗಬೇಕು.

ಚೌಕಟ್ಟುಗಳೇ ಕಡಿಮೆ ಇರುವ ದೋಣಿಗಳೂ ಇವೆ. 1963ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮಿರರ್ ಡಿಂಗಿ ಅಂಥದ್ದು. ಪ್ಲೈವುಡ್ ತುಂಡುಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ರಾಳ ಮತ್ತು ಫೈಬರ್‌ಗ್ಲಾಸ್ ಪಟ್ಟಿ ಹಾಕಿ ಕಟ್ಟುವ, ಸುಮಾರು 3.3 ಮೀಟರ್ ಉದ್ದದ ದೋಣಿ. ಇಲ್ಲಿ ಆಕಾರ ಕೊಡುವುದೇ ಹಾಳೆಯ ಅಂಚು. ಹಾಗಾಗಿ ಕತ್ತರಿಸುವ ಗೆರೆಯಲ್ಲೇ ಫೇರಿಂಗ್ ಆಗಬೇಕು. ಎಡಬಲದ ಎರಡು ಹಾಳೆಗಳನ್ನು ಒಟ್ಟಿಗೆ ಕ್ಲಾಂಪ್ ಮಾಡಿ ಒಂದೇ ಸಲ ರಂದಾ ಹೊಡೆದರೆ ಎರಡೂ ಬದಿ ಒಂದೇ ತರ ಬರುತ್ತವೆ.

ನೀರು ತಾಳುವ ಮರೈನ್ ಪ್ಲೈ ಬೇಕಿದ್ದರೆ ಅದರ ಭಾರತೀಯ ಮಾನಕವಾದ ಐಎಸ್ 710 ಗುರುತು ನೋಡಿ ತರಬೇಕು. ಮಾಮೂಲಿ ಹಾಳೆ 8 ಅಡಿ ಉದ್ದ, 4 ಅಡಿ ಅಗಲ. ಅದಕ್ಕಿಂತ ಉದ್ದದ ದೋಣಿಗೆ ಎರಡು ಹಾಳೆ ಜೋಡಿಸಲೇಬೇಕು. 6 ಮಿಲಿಮೀಟರ್ ಹಾಳೆಯಾದರೆ ತುದಿಗಳನ್ನು ಅದರ ದಪ್ಪದ 8 ಪಟ್ಟು, ಅಂದರೆ 48 ಮಿಲಿಮೀಟರ್ ಉದ್ದಕ್ಕೆ ಓರೆ ಮಾಡಿ ಒಂದರ ಮೇಲೊಂದು ಅಂಟಿಸುವುದು ರೂಢಿ. ಇಲ್ಲಿ ಜೋಪಾನ. 30 ಸೆಂಟಿಮೀಟರ್ ಅಗಲದ ತುಂಡಿನಲ್ಲಿ ಜೋಡಣೆ ಒಂದು ಪಕ್ಕಕ್ಕೆ 1 ಮಿಲಿಮೀಟರ್ ತೆರೆದುಕೊಂಡರೂ, 240 ಸೆಂಟಿಮೀಟರ್ ಆಚೆಯ ತುದಿ 8 ಮಿಲಿಮೀಟರ್ ಸರಿದಿರುತ್ತದೆ. ಅಂಟು ಆರುವ ಮುನ್ನ ಅಂಚಿನುದ್ದಕ್ಕೂ ದಾರ ಹಿಡಿದು ನೋಡುವುದು ಈ ಕಾರಣಕ್ಕೆ.

ಇನ್ನೊಂದು, ದೋಣಿ ತಿರುಚಿಕೊಳ್ಳುವುದು. ಹೊಲಿದ ದೋಣಿಯಲ್ಲಿ ಇದು ಬಹಳ ಸುಲಭವಾಗಿ ಆಗುತ್ತದೆ. ಮುಂದೊಂದು ಹಿಂದೊಂದು ನೇರ ಕೋಲನ್ನು ಅಡ್ಡ ಇಟ್ಟು, ದೂರದಿಂದ ಎರಡನ್ನೂ ಒಂದೇ ಗೆರೆಗೆ ತಂದು ನೋಡಿ. ಕೋಲುಗಳು ಒಂದಕ್ಕೊಂದು ಸಮ ಕಂಡರೆ ರಾಳ ಹಾಕಿ. ಕಾಣದಿದ್ದರೆ ತಂತಿ ಸಡಿಲಿಸಿ, ದೋಣಿಯನ್ನು ಎದುರು ದಿಕ್ಕಿಗೆ ತಿರುಚಿ ಸಮ ಕೂರಿಸಿ, ಮತ್ತೆ ನೋಡಿ. ರಾಳ ಗಟ್ಟಿಯಾದ ಮೇಲೆ ಆ ತಿರುಚು ತೆಗೆಯಲು ಬರುವುದಿಲ್ಲ.